ಮನೆಬಳಕೆಯ ಸೆಲ್ಲು: ಅಗ್ಗ ಯಾವುದು, ಲಾಭ ಯಾವುದು?

ಆಟಿ ತಿಂಗಳ ಗಾಳಿಮಳೆಗೆ ಅಡಿಕೆ ಮರವೊಂದು ವಿದ್ಯುತ್ ತಂತಿಯ ಮೇಲೆ ಒರಗಿತೆಂದರೆ ನಮ್ಮ ಒಳನಾಡಿನ ಊರುಗಳಲ್ಲಿ ಒಂದೆರಡು ರಾತ್ರಿ ಕತ್ತಲೆಯಲ್ಲೇ ಕಳೆಯಬೇಕಾಗುತ್ತದೆ. ಆಗ ಮನೆಮಂದಿಯೆಲ್ಲ ತಡಕುವುದು ಬ್ಯಾಟರಿಯನ್ನು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಅದರಲ್ಲಿ ಬೆಳಕೂ ಇದೆ, ನಿಜ. ಆದರೆ ಕರೆಂಟು ಬಾರದೆ ಎರಡನೆಯ ರಾತ್ರಿಯಾಯಿತೆಂದರೆ ಆ ಮೊಬೈಲೂ ಕಣ್ಣು ಮುಚ್ಚುತ್ತದೆ. ತೋಟದ ಬದಿಯ ದಾರಿಯಲ್ಲಿ ಹಾವು ಹುಳುಗಳ ಭಯವಿರುವ ನಮಗೆ, ಒತ್ತಿದೊಡನೆ ಬೆಳಗುವ ಒಂದು ಟಾರ್ಚು ಅಲಂಕಾರದ ವಸ್ತುವಲ್ಲ.

ಟಾರ್ಚಿಗೇ ಬ್ಯಾಟರಿ ಎನ್ನುವುದು, ಅದರೊಳಗೆ ಹಾಕುವುದಕ್ಕೆ ಸೆಲ್ಲು ಎನ್ನುವುದು ನಮ್ಮ ಕಡೆಯ ರೂಢಿ. ಈ ಬರಹದಲ್ಲಿಯೂ ಸೆಲ್ಲು ಎಂಬ ಮಾತನ್ನೇ ಬಳಸುತ್ತೇವೆ.

ಹಿಂದೆ ಒಂದು ಮನೆಗೆ ಸೆಲ್ಲು ಬೇಕಾಗುತ್ತಿದ್ದುದು ಟಾರ್ಚಿಗೆ ಮತ್ತು ರೇಡಿಯೋಗೆ ಮಾತ್ರ. ಇಂದು ಎಣಿಸಿ ನೋಡಿದರೆ ಆಶ್ಚರ್ಯವಾಗುತ್ತದೆ. ಗೋಡೆ ಗಡಿಯಾರ, ಟಿ.ವಿ.ಯ ರಿಮೋಟು, ಮಕ್ಕಳ ಆಟಿಕೆ ಕಾರು, ಅಜ್ಜನ ರಕ್ತದೊತ್ತಡ ನೋಡುವ ಯಂತ್ರ, ಅಜ್ಜಿಯ ಸಕ್ಕರೆ ಪರೀಕ್ಷೆಯ ಯಂತ್ರ, ಕಿವಿಯ ಶ್ರವಣ ಸಾಧನ, ಜ್ವರ ನೋಡುವ ಥರ್ಮಾಮೀಟರು, ಅಡುಗೆಮನೆಯ ತಕ್ಕಡಿ - ಹೀಗೆ ಸಾಮಾನ್ಯ ಮನೆಯೊಂದರಲ್ಲಿ ಹತ್ತಿಪ್ಪತ್ತು ಸೆಲ್ಲುಗಳು ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತವೆ. ಒಂದೊಂದರ ಬೆಲೆ ಸಣ್ಣದು. ಆದುದರಿಂದಲೇ ನಾವು ಲೆಕ್ಕ ಹಾಕುವುದಿಲ್ಲ. ಅಂಗಡಿಯವರು ಕೊಟ್ಟುದನ್ನು ಜೇಬಿಗೆ ಹಾಕಿಕೊಂಡು ಬರುತ್ತೇವೆ. ವರ್ಷದ ಕೊನೆಗೆ ಈ ಚಿಲ್ಲರೆಯೆಲ್ಲ ಒಟ್ಟಾದರೆ ಒಂದು ಮಗುವಿನ ವರ್ಷದ ನೋಟುಪುಸ್ತಕಗಳ ಖರ್ಚಿಗೆ ಸಮನಾದರೂ ಆದೀತು.

ಒಳಗೇನಿದೆ?

ಬೆಲೆಯ ಮಾತಿಗೆ ಮುಂಚೆ ಸೆಲ್ಲಿನ ಹೊಟ್ಟೆಯೊಳಗೆ ಇಣುಕುವುದು ಒಳ್ಳೆಯದು. ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ಸತು, ಇಂಗಾಲ, ಮ್ಯಾಂಗನೀಸ್ ಡೈಆಕ್ಸೈಡ್ ಮತ್ತು ನವಸಾಗರದ ದ್ರಾವಣದಿಂದ ಒಂದು ವಿದ್ಯುತ್ ಕೋಶವನ್ನು ಮಾಡಿದನು. ಅದು ಗಾಜಿನ ಪಾತ್ರೆಯಲ್ಲಿ ದ್ರವ ತುಂಬಿದ ಕೋಶ, ಅತ್ತಿತ್ತ ಸಾಗಿಸುವುದು ಕಷ್ಟ. ಜರ್ಮನಿಯ ಕಾರ್ಲ್ ಗ್ಯಾಸ್ನರ್ 1880ರ ದಶಕದಲ್ಲಿ ಆ ದ್ರವದ ಬದಲು ಹಿಟ್ಟಿನಂತಹ ಪದಾರ್ಥವನ್ನು ಬಳಸಿ, ಸತುವಿನ ಡಬ್ಬಿಯನ್ನೇ ಪಾತ್ರೆಯಾಗಿ ಮಾಡಿ, ಶುಷ್ಕಕೋಶವನ್ನು ಹೊರತಂದನು. ಇಂದು ಅಂಗಡಿಯಲ್ಲಿ ಅತಿ ಅಗ್ಗವಾಗಿ ಸಿಗುವ ಸೆಲ್ಲು ಇದೇ ವಂಶದ್ದು. ಇದನ್ನು ಕಾರ್ಬನ್-ಜಿಂಕ್ ಸೆಲ್ಲು ಎನ್ನುತ್ತಾರೆ.

ಇದರಲ್ಲಿ ನೆನಪಿಡಬೇಕಾದ ಒಂದು ಸಂಗತಿಯಿದೆ. ಹೊರಗಿನ ಸತುವಿನ ಡಬ್ಬಿಯೇ ಇದರ ಋಣಧ್ರುವ. ಕರೆಂಟು ಕೊಟ್ಟಂತೆಲ್ಲ ಆ ಡಬ್ಬಿಯೇ ಕರಗುತ್ತಾ ತೆಳುವಾಗುತ್ತದೆ. ಎಂದರೆ ಪಾಯಸವು ತಾನಿರುವ ಪಾತ್ರೆಯನ್ನೇ ತಿಂದಂತೆ! ಮುಗಿದ ಸೆಲ್ಲನ್ನು ಟಾರ್ಚಿನೊಳಗೆ ತಿಂಗಳುಗಟ್ಟಲೆ ಬಿಟ್ಟರೆ ಅದು ಸೋರಿ, ಸ್ಪ್ರಿಂಗು ತುಕ್ಕು ಹಿಡಿದು, ಟಾರ್ಚೇ ಹಾಳಾಗುವುದು ಈ ಕಾರಣದಿಂದ.

ಎರಡನೆಯದು ಆಲ್ಕಲೈನ್ ಸೆಲ್ಲು. ಕನ್ನಡದಲ್ಲಿ ಕ್ಷಾರಕೋಶ ಎನ್ನೋಣ. ಲೂಯಿಸ್ ಯೂರಿ ಎಂಬ ಇಂಜಿನಿಯರು 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಇದನ್ನು ಬಳಕೆಗೆ ಒದಗುವಂತೆ ರೂಪಿಸಿದರು. ಇದರ ಹೊರಗಿನ ಡಬ್ಬಿ ಉಕ್ಕಿನದು, ಸತು ಪುಡಿಯಾಗಿ ಒಳಗಿರುತ್ತದೆ. ನವಸಾಗರದ ಬದಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಪ್ರಬಲ ಕ್ಷಾರವಿರುತ್ತದೆ. ಒಂದೇ ಗಾತ್ರದ ಸೆಲ್ಲಿನಲ್ಲಿ ಹೆಚ್ಚು ಶಕ್ತಿಯನ್ನು ತುಂಬಲು ಇದರಿಂದ ಸಾಧ್ಯವಾಯಿತು. ಮೇಲಾಗಿ ಒಮ್ಮೆಲೇ ಹೆಚ್ಚು ಕರೆಂಟನ್ನು ಎಳೆದರೂ ಇದು ಸುಸ್ತಾಗುವುದಿಲ್ಲ.

ಮೂರನೆಯದು ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ಲು. ಮೊದಲಿನೆರಡು 1.5 ವೋಲ್ಟಿನವು, ಇದು 1.2 ವೋಲ್ಟಿನದು. ಹೆಚ್ಚಿನ ಉಪಕರಣಗಳಿಗೆ ಈ ವ್ಯತ್ಯಾಸದಿಂದ ತೊಂದರೆಯಿಲ್ಲ.

ಹೆಸರಿಗೆ ಮರುಳಾಗಬೇಡಿ

ಸೆಲ್ಲಿನ ಮೈಮೇಲೆ 'ಸೂಪರ್', 'ಹೈ ಪವರ್', 'ಲಾಂಗ್ ಲೈಫ್' ಎಂದು ದೊಡ್ಡಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಇವು ಹೊಗಳಿಕೆಯ ಮಾತುಗಳು, ಜಾತಿಯನ್ನು ಹೇಳುವ ಮಾತುಗಳಲ್ಲ. ಅನೇಕರು ಮೋಸ ಹೋಗುವುದು 'ಹೆವಿ ಡ್ಯೂಟಿ' ಎಂಬ ಪದದಲ್ಲಿ. ಭಾರೀ ಕೆಲಸಕ್ಕೆ ಆಗುವ ಸೆಲ್ಲು ಎಂದು ನಾವು ಅರ್ಥಮಾಡಿಕೊಳ್ಳುತ್ತೇವೆ. ವಾಸ್ತವದಲ್ಲಿ ಅದು ನವಸಾಗರದ ಬದಲು ಸತುವಿನ ಕ್ಲೋರೈಡನ್ನು ಬಳಸಿದ, ಸ್ವಲ್ಪ ಸುಧಾರಿಸಿದ ಕಾರ್ಬನ್-ಜಿಂಕ್ ಸೆಲ್ಲೇ ಹೊರತು ಆಲ್ಕಲೈನ್ ಅಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಇಲ್ಲಿ ನಮ್ಮ ಮನೆಗಳ ಒಂದು ವಿಶೇಷ ತೊಡಕನ್ನು ಹೇಳಬೇಕು. ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ದೇವನಾಗರಿ ಲಿಪಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕೆಂಬುದು 2011ರ ಪೊಟ್ಟಣ ಸಾಮಗ್ರಿಗಳ ನಿಯಮ. ಬೇರೆ ಭಾಷೆಯನ್ನು ಸೇರಿಸಲು ಅಡ್ಡಿಯಿಲ್ಲ, ಆದರೆ ಸೇರಿಸುವವರು ಕಡಿಮೆ. ಆದುದರಿಂದ ಕನ್ನಡ ಮಾತ್ರ ಓದಬಲ್ಲ ನಮ್ಮ ಹಿರಿಯರಿಗೆ ಸೆಲ್ಲಿನ ಬರಹ ಅರ್ಥವಾಗುವುದಿಲ್ಲ. ಅಂಗಡಿಯಲ್ಲಿ ಮಲಯಾಳದಲ್ಲಿ ಕೇಳಲು ಸಂಕೋಚಪಟ್ಟು ಸುಮ್ಮನಾಗುವವರೂ ಇದ್ದಾರೆ. ಮಲಯಾಳ ಮಾತ್ರ ಬಲ್ಲ ನೆರೆಯವರ ಪಾಡೂ ಈ ವಿಷಯದಲ್ಲಿ ನಮ್ಮದಕ್ಕಿಂತ ಮೇಲಲ್ಲ.

ಸಂತೋಷದ ಸಂಗತಿಯೆಂದರೆ, ಸೆಲ್ಲಿನ ಜಾತಿಯನ್ನು ಅರಿಯಲು ಭಾಷೆಯೇ ಬೇಡ, ಒಂದು ಅಕ್ಷರ ಸಾಕು. ಅಂತರರಾಷ್ಟ್ರೀಯ ಸಂಕೇತದಂತೆ ಕಾರ್ಬನ್-ಜಿಂಕ್ ಸೆಲ್ಲಿನ ಸಂಖ್ಯೆ ಇಂಗ್ಲಿಷಿನ 'ಆರ್' ಅಕ್ಷರದಿಂದ ಆರಂಭವಾಗುತ್ತದೆ. ಆಲ್ಕಲೈನ್ ಆದರೆ ಅದರ ಹಿಂದೆ 'ಎಲ್' ಸೇರುತ್ತದೆ. ಬಡಗಿಯ ಮೂಲೆಮಟ್ಟವನ್ನು ನಿಲ್ಲಿಸಿದಂತೆ ಕಾಣುವ ಅಕ್ಷರವದು. ದೊಡ್ಡ ಟಾರ್ಚಿನ ಸೆಲ್ಲು ಆರ್20, ಅದೇ ಆಲ್ಕಲೈನ್ ಆದರೆ ಎಲ್‌ಆರ್20. ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್ಲು ಆರ್6 ಮತ್ತು ಎಲ್‌ಆರ್6. ರಿಮೋಟಿನ ಸಪೂರ ಸೆಲ್ಲು ಆರ್03 ಮತ್ತು ಎಲ್‌ಆರ್03. ಚಾರ್ಜ್ ಮಾಡುವ ನಿಕ್ಕಲ್ ಸೆಲ್ಲಿಗೆ 'ಎಚ್‌ಆರ್'. ಮನೆಯ ಮಕ್ಕಳು ಈ ಅಕ್ಷರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಅಜ್ಜಿಯೂ ಅಂಗಡಿಯಲ್ಲಿ ಮೋಸ ಹೋಗಲಾರಳು.

ಲೆಕ್ಕ ಹೀಗಿದೆ

ಅಗ್ಗದ ಸೆಲ್ಲು ಕೊಳ್ಳುವುದೋ, ದುಬಾರಿಯದೋ? ಒಂದೇ ಉತ್ತರ ಇದಕ್ಕಿಲ್ಲ. ಯಾವ ಕೆಲಸಕ್ಕೆ ಎಂಬುದನ್ನು ಮೊದಲು ಕೇಳಬೇಕು. ಲೆಕ್ಕಕ್ಕಾಗಿ ಕಾರ್ಬನ್ ಸೆಲ್ಲಿಗೆ 15 ರೂಪಾಯಿ, ಆಲ್ಕಲೈನಿಗೆ 40 ರೂಪಾಯಿ ಎಂದು ಹಿಡಿಯೋಣ. ನಿಮ್ಮೂರಿನ ಬೆಲೆ ಬೇರೆಯಾದರೆ ಅದನ್ನೇ ಹಾಕಿಕೊಳ್ಳಿ, ರೀತಿ ಒಂದೇ.

ಗೋಡೆ ಗಡಿಯಾರ ಎಳೆಯುವ ಕರೆಂಟು ಬಹಳ ಅಲ್ಪ. ಕಾರ್ಬನ್ ಸೆಲ್ಲಿನಲ್ಲಿ ಅದು ಸುಮಾರು ಒಂದು ವರ್ಷ ಓಡುತ್ತದೆ. ಆಲ್ಕಲೈನಿನಲ್ಲಿ ಎರಡು ವರ್ಷ ಓಡಿತೆನ್ನಿ. ಮೊದಲನೆಯದರಲ್ಲಿ ವರ್ಷಕ್ಕೆ ಖರ್ಚು 15 ರೂಪಾಯಿ, ಎರಡನೆಯದರಲ್ಲಿ 20. ಇಲ್ಲಿ ಅಗ್ಗದ್ದೇ ಲಾಭ.

ಮಕ್ಕಳ ಆಟಿಕೆ ಕಾರಿನಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಅದರ ಮೋಟಾರು ಒಮ್ಮೆಲೇ ಹೆಚ್ಚು ಕರೆಂಟು ಎಳೆಯುವುದರಿಂದ ಕಾರ್ಬನ್ ಸೆಲ್ಲು ಬೇಗನೆ ಬಸವಳಿಯುತ್ತದೆ. ಅದು ಒಂದು ಗಂಟೆ ಓಡಿದರೆ ಆಲ್ಕಲೈನ್ ಐದು ಗಂಟೆ ಓಡೀತು. ಗಂಟೆಗೆ 15 ರೂಪಾಯಿ ಒಂದು ಕಡೆ, 8 ರೂಪಾಯಿ ಇನ್ನೊಂದು ಕಡೆ. ಇಲ್ಲಿ ದುಬಾರಿಯೇ ಅಗ್ಗ. ರಕ್ತದೊತ್ತಡದ ಯಂತ್ರಕ್ಕೂ ಇದೇ ನ್ಯಾಯ. ತೋಳಿನ ಪಟ್ಟಿಗೆ ಗಾಳಿ ತುಂಬುವ ಪಂಪಿಗೆ ಶಕ್ತಿ ಬೇಕು.

ರಿಮೋಟು ಗಡಿಯಾರದ ಪಂಗಡಕ್ಕೆ ಸೇರಿದುದು. ಕಾರ್ಬನ್ ಸೆಲ್ಲು ಸಾಕು, ಆದರೆ ವರ್ಷಕ್ಕೊಮ್ಮೆ ತೆರೆದು ನೋಡಬೇಕು. ಟಾರ್ಚಿನ ಮಾತು ಬಂದರೆ, ಮೊದಲು ಬದಲಿಸಬೇಕಾದುದು ಸೆಲ್ಲನ್ನಲ್ಲ, ಹಳೆಯ ತಂತಿ ಬಲ್ಬಿನ ಟಾರ್ಚನ್ನು. ಅದೇ ಬೆಳಕನ್ನು ಎಲ್‌ಇಡಿ ಟಾರ್ಚು ಬಹಳ ಕಡಿಮೆ ಕರೆಂಟಿನಲ್ಲಿ ಕೊಡುತ್ತದೆ. ಪ್ರತಿರಾತ್ರಿ ತೋಟಕ್ಕೆ ನೀರು ಬಿಡಲು ಹೋಗುವವರಿಗೆ ಚಾರ್ಜ್ ಮಾಡುವ ಟಾರ್ಚು ಒಳ್ಳೆಯದು. ಅದನ್ನು ಮುಗಿದ ಸ್ಥಿತಿಯಲ್ಲಿ ಮೂಲೆಗೆ ಹಾಕದೆ, ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು. ಕರೆಂಟು ಹೋದಾಗ ಮಾತ್ರ ತೆಗೆಯುವ ಟಾರ್ಚಿಗೆ, ವರ್ಷಗಟ್ಟಲೆ ಕಸುವು ಉಳಿಸಿಕೊಳ್ಳುವ ಆಲ್ಕಲೈನ್ ಸೆಲ್ಲೇ ಸೂಕ್ತ. ಆದರೆ ಸೆಲ್ಲುಗಳನ್ನು ಟಾರ್ಚಿನ ಒಳಗಿಡದೆ ಪಕ್ಕದಲ್ಲೇ ಇಟ್ಟುಕೊಂಡರೆ ಸೋರಿಕೆಯ ಭಯವಿಲ್ಲ.

ಇನ್ನು ಚಾರ್ಜ್ ಮಾಡುವ ಪೆನ್ಸಿಲ್ ಸೆಲ್ಲುಗಳು. ನಾಲ್ಕು ಸೆಲ್ಲು ಮತ್ತು ಚಾರ್ಜರಿಗೆ ಒಟ್ಟು 1,200 ರೂಪಾಯಿ ಎಂದಿಟ್ಟುಕೊಳ್ಳೋಣ. ತಿಂಗಳಿಗೆ ನಾಲ್ಕು ಆಲ್ಕಲೈನ್ ಸೆಲ್ಲು ಮುಗಿಸುವ ಮನೆಯಾದರೆ ತಿಂಗಳ ಖರ್ಚು 160 ರೂಪಾಯಿ. ಏಳೂವರೆ ತಿಂಗಳಲ್ಲಿ ಅಸಲು ಹುಟ್ಟುತ್ತದೆ, ಆಮೇಲಿನದೆಲ್ಲ ಉಳಿತಾಯ. ಚಾರ್ಜಿಗೆ ತಗಲುವ ಕರೆಂಟು ಲೆಕ್ಕಕ್ಕೆ ಬಾರದಷ್ಟು: ಒಂದು ಯೂನಿಟಿನಲ್ಲಿ ನೂರಕ್ಕೂ ಮಿಕ್ಕಿ ಪೆನ್ಸಿಲ್ ಸೆಲ್ಲುಗಳನ್ನು ತುಂಬಬಹುದು. ಆದರೆ ವರ್ಷಕ್ಕೆ ನಾಲ್ಕೇ ಕಾರ್ಬನ್ ಸೆಲ್ಲು ಸಾಕಾಗುವ ಮನೆಯವರು ಇದನ್ನು ಕೊಂಡರೆ ಅಸಲು ಹುಟ್ಟಲು ಇಪ್ಪತ್ತು ವರ್ಷ ಬೇಕು! ನೆರೆಮನೆಯವರು ಕೊಂಡರೆಂದು ನಾವೂ ಕೊಳ್ಳುವುದು ಜಾಣತನವಲ್ಲ.

ಚಾರ್ಜ್ ಸೆಲ್ಲುಗಳಲ್ಲಿ 'ಲೋ ಸೆಲ್ಫ್ ಡಿಸ್ಚಾರ್ಜ್' ಎಂಬ ಬಗೆಯೊಂದಿದೆ. 2005ರಲ್ಲಿ ಜಪಾನಿನ ಸ್ಯಾನ್ಯೊ ಕಂಪೆನಿ ಎನೆಲೂಪ್ ಎಂಬ ಹೆಸರಿನಲ್ಲಿ ಇದನ್ನು ತಂದ ಮೇಲೆ ಇತರರೂ ತಯಾರಿಸತೊಡಗಿದರು. ಹಳೆಯ ಬಗೆಯದು ಸುಮ್ಮನಿಟ್ಟರೂ ವಾರಗಳಲ್ಲಿ ಸೊರಗುತ್ತದೆ, ಇದು ತಿಂಗಳುಗಟ್ಟಲೆ ಶಕ್ತಿಯನ್ನು ಉಳಿಸಿಕೊಳ್ಳುತ್ತದೆ. ಕೊಳ್ಳುವುದಾದರೆ ಇದನ್ನೇ ಕೇಳಿ.

ಸೆಲ್ಲಿನ ಮೇಲೆ ಮಿಲಿ ಆಂಪಿಯರ್ ಅವರ್ ಎಂದು ಅದರ ಧಾರಣಶಕ್ತಿಯನ್ನು ಬರೆದಿರುತ್ತಾರೆ. ಒಳ್ಳೆಯ ನಿಕ್ಕಲ್ ಪೆನ್ಸಿಲ್ ಸೆಲ್ಲಿನಲ್ಲಿ ಇದು 2,000ದಿಂದ 2,500ರ ಸುಮಾರು ಇರುತ್ತದೆ. 5,000 ಎಂದು ಬರೆದಿದ್ದರೆ ಅದು ಸುಳ್ಳು. ಸೇರಿನ ಪಾತ್ರೆಯಲ್ಲಿ ಎರಡು ಸೇರು ಅಕ್ಕಿ ಹಿಡಿಯುವುದೆಂದರೆ ನಂಬಲಾದೀತೆ?

ಕೊಳ್ಳುವಾಗ ನೋಡಬೇಕಾದುದು

ಮೊದಲನೆಯದಾಗಿ, ತಯಾರಾದ ತಿಂಗಳು ಮತ್ತು ವರ್ಷ. ಸೆಲ್ಲು ಅಂಗಡಿಯಲ್ಲಿ ಕುಳಿತಲ್ಲೇ ಮುದಿಯಾಗುತ್ತದೆ. ಕಾರ್ಬನ್ ಸೆಲ್ಲಿನ ಬಾಳು ಎರಡು ಮೂರು ವರ್ಷ, ಆಲ್ಕಲೈನಿನದು ಐದು ವರ್ಷಕ್ಕೂ ಮೇಲೆ. ಗಾಜಿನ ಕಪಾಟಿನಲ್ಲಿ ಬಿಸಿಲಿಗೆ ಒಣಗಿದ ಸೆಲ್ಲು ಬೇಡ, ವ್ಯಾಪಾರ ಚೆನ್ನಾಗಿ ನಡೆಯುವ ಅಂಗಡಿಯಿಂದ ಕೊಳ್ಳುವುದು ಲೇಸು. ಎರಡನೆಯದಾಗಿ, ಐ.ಎಸ್.ಐ. ಗುರುತು ಮತ್ತು ತಯಾರಕರ ವಿಳಾಸ. ಇವಿಲ್ಲದ ಸೆಲ್ಲು ಜಾತ್ರೆಯ ಸಂತೆಯಲ್ಲಿ ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ನಷ್ಟವೇ. ಮೂರನೆಯದಾಗಿ, ಗರಿಷ್ಠ ಮಾರಾಟ ಬೆಲೆ. ಅದಕ್ಕಿಂತ ಹೆಚ್ಚು ಕೇಳುವುದು ಕಾನೂನಿಗೆ ವಿರುದ್ಧ. ಹಾಗೆ ಕೇಳಿದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು ಎಂಬುದನ್ನು ನಮ್ಮವರು ಮುಖ್ಯವಾಗಿ ತಿಳಿದಿರಬೇಕು. ಭಾಷೆ ಬಾರದೆಂದು ಹಕ್ಕನ್ನು ಬಿಡಬೇಕಾಗಿಲ್ಲ.

ಮಳೆಗಾಲಕ್ಕೆಂದು ಡಜನುಗಟ್ಟಲೆ ಕೊಂಡಿಡುವುದೂ ಬೇಡ. ಬೇಕಾದಷ್ಟನ್ನು ತಂದು ಒಣಗಿದ, ತಂಪಾದ ಜಾಗದಲ್ಲಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಸಾಕು. ಫ್ರಿಜ್ಜಿನಲ್ಲಿಡುವ ಅಭ್ಯಾಸ ಕೆಲವರಿಗಿದೆ. ನಮ್ಮ ಕರಾವಳಿಯ ತೇವದ ಹವೆಯಲ್ಲಿ ಹೊರತೆಗೆದೊಡನೆ ಸೆಲ್ಲಿನ ಮೈ ಬೆವರಿ ತುಕ್ಕಿಗೆ ದಾರಿಯಾಗುತ್ತದೆ.

ಬಳಸುವಾಗ ಹಳೆಯದಕ್ಕೆ ಹೊಸದನ್ನು, ಕಾರ್ಬನಿಗೆ ಆಲ್ಕಲೈನನ್ನು ಜೋಡಿಸಬಾರದು. ಬಡ ಎತ್ತಿಗೆ ಬಲಿಷ್ಠ ಎತ್ತನ್ನು ಹೂಡಿದಂತಾಗುತ್ತದೆ. ದುರ್ಬಲ ಸೆಲ್ಲು ಬರಿದಾದ ಮೇಲೂ ಬಲವಾದುದು ಅದರ ಮೂಲಕ ಕರೆಂಟನ್ನು ನೂಕುತ್ತದೆ, ಆಗ ಅದು ಸೋರುತ್ತದೆ. ಸೋರಿದ ಆಲ್ಕಲೈನ್ ಸೆಲ್ಲಿನ ಬಿಳಿ ಹುಡಿಯನ್ನು ಬರಿಗೈಯಲ್ಲಿ ಮುಟ್ಟದೆ, ಹತ್ತಿಗೆ ಲಿಂಬೆಹುಳಿಯ ರಸವನ್ನೋ ವಿನೆಗರನ್ನೋ ಅದ್ದಿ ಒರಸಿ, ಒಣಗಿಸಿದರೆ ಉಪಕರಣ ಬದುಕೀತು. ಕ್ಷಾರವನ್ನು ಆಮ್ಲ ಶಮನಗೊಳಿಸುವುದೆಂಬ ಶಾಲೆಯ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಆಟಿಕೆಯಲ್ಲಿ ಓಡದ ಸೆಲ್ಲನ್ನು ಒಡನೆ ಎಸೆಯಬೇಡಿ. ಹೆಚ್ಚು ಕರೆಂಟು ಕೊಡಲಾರದ ಸೆಲ್ಲು ಗಡಿಯಾರವನ್ನು ಇನ್ನೂ ಕೆಲವು ತಿಂಗಳು ನಡೆಸಬಲ್ಲದು. ಆಲ್ಕಲೈನ್ ಸೆಲ್ಲನ್ನು ಮೇಜಿನ ಮೇಲೆ ಒಂದೆರಡು ಅಂಗುಲ ಎತ್ತರದಿಂದ ನೇರವಾಗಿ ಬೀಳಿಸಿದರೆ, ಹೊಸದು ದಪ್ಪನೆ ಕೂರುತ್ತದೆ, ಬಳಸಿದುದು ಪುಟಿಯುತ್ತದೆ. ಆದರೆ ಪುಟಿದ ಮಾತ್ರಕ್ಕೆ ಸತ್ತಿತೆಂದಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದವರು 2015ರಲ್ಲಿ ಪರೀಕ್ಷಿಸಿ, ಅರ್ಧದಷ್ಟು ಶಕ್ತಿಯಿರುವಾಗಲೇ ಸೆಲ್ಲು ಪೂರ್ತಿ ಪುಟಿಯತೊಡಗುತ್ತದೆ ಎಂದು ತೋರಿಸಿದ್ದಾರೆ.

ಗುಂಡಿ ಸೆಲ್ಲು: ಬೆಲೆಗಿಂತ ದೊಡ್ಡ ಮಾತು

ನಾಣ್ಯದಂತಹ ಸೆಲ್ಲುಗಳಲ್ಲಿ ಸಂಖ್ಯೆಯನ್ನು ಸರಿಯಾಗಿ ನೋಡಬೇಕು. ಸಿಆರ್2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪದ 3 ವೋಲ್ಟಿನ ಲಿಥಿಯಂ ಸೆಲ್ಲು. ಸಕ್ಕರೆ ಪರೀಕ್ಷೆಯ ಹಲವು ಯಂತ್ರಗಳಲ್ಲಿ ಇದಿದೆ. ಸಿಆರ್2025 ಅಗಲದಲ್ಲಿ ಒಂದೇ ಆದರೂ ದಪ್ಪ 2.5 ಮಾತ್ರ, ಬದಲಿಗೆ ಹಾಕಿದರೆ ಸರಿಯಾಗಿ ಕೂರದು. ಶ್ರವಣ ಸಾಧನದ ಸೆಲ್ಲು ಗಾಳಿಯ ಆಮ್ಲಜನಕದಿಂದ ನಡೆಯುವ ಸತುವಿನ ಸೆಲ್ಲು. ಅದರ ಬಣ್ಣದ ಚೀಟಿಯನ್ನು ಕಿತ್ತ ಕ್ಷಣದಿಂದ ಆಯುಷ್ಯ ಕಳೆಯತೊಡಗುತ್ತದೆ. ಬೇಕಾದಾಗ ಮಾತ್ರ ಕಿತ್ತು, ಒಂದೆರಡು ನಿಮಿಷ ಗಾಳಿಗಿಟ್ಟು ಹಾಕಬೇಕು. ಚೀಟಿಯ ಬಣ್ಣವೇ ಅಳತೆಯ ಗುರುತು: 10ಕ್ಕೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಓದಲು ಬಾರದವರೂ ಬಣ್ಣ ಹೇಳಿ ಕೊಳ್ಳಬಹುದು.

ಪುಟ್ಟ ಮಕ್ಕಳಿರುವ ಮನೆಯವರು ಮುಂದಿನ ಸಾಲುಗಳನ್ನು ಎರಡು ಸಲ ಓದಬೇಕು. ಮಗು ನಾಣ್ಯದಂತಹ ಸೆಲ್ಲನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಒಳಗೆ ಆಳವಾದ ಸುಟ್ಟಗಾಯವಾಗಬಹುದು. ಸೆಲ್ಲಿನ ಕರೆಂಟು ಅಲ್ಲಿನ ತೇವದಿಂದ ಕ್ಷಾರವನ್ನು ಉತ್ಪತ್ತಿ ಮಾಡುವುದೇ ಇದಕ್ಕೆ ಕಾರಣ. ನಮ್ಮ ಲೆಕ್ಕಕ್ಕೆ 'ಮುಗಿದ' ಸೆಲ್ಲಿಗೂ ಇಷ್ಟು ಕೇಡಿಗೆ ಸಾಕಾಗುವ ಶಕ್ತಿ ಉಳಿದಿರುತ್ತದೆ. ಜೊಲ್ಲು ಸುರಿಯುವುದು, ಊಟ ಬೇಡವೆನ್ನುವುದು, ವಾಂತಿ, ಕೆಮ್ಮು ಲಕ್ಷಣಗಳಾಗಿರಬಹುದು, ಏನೂ ಕಾಣದೆಯೂ ಇರಬಹುದು. ಸಂಶಯ ಬಂದೊಡನೆ ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೊರಡಬೇಕು. ವಾಂತಿ ಮಾಡಿಸಬಾರದು. ಒಂದು ವರ್ಷ ದಾಟಿದ, ನುಂಗಬಲ್ಲ ಮಗುವಾದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಮಚ ಜೇನು ಕೊಡುವುದು ಗಾಯವನ್ನು ತಗ್ಗಿಸುತ್ತದೆಂದು ವೈದ್ಯರು ಹೇಳುತ್ತಾರೆ. ಆರು ಸಲಕ್ಕಿಂತ ಹೆಚ್ಚು ಬೇಡ, ಜೇನು ಹುಡುಕುತ್ತಾ ಹೊತ್ತು ಕಳೆಯುವುದೂ ಬೇಡ. ಇಂತಹ ಸೆಲ್ಲಿರುವ ಆಟಿಕೆಯನ್ನು ಕೊಳ್ಳುವಾಗ ಮುಚ್ಚಳಕ್ಕೆ ತಿರುಪುಮೊಳೆ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಮರಳಿಸಿ.

ಮುಗಿದ ಮೇಲೆ

ಹಿಂದಿನ ದಿನಗಳಲ್ಲಿ ಮುಗಿದ ಸೆಲ್ಲುಗಳನ್ನು ಒಡೆದು, ಒಳಗಿನ ಕಪ್ಪು ಹುಡಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ಶಾಲೆಯ ಕರಿಹಲಗೆಗೆ ಬಳಿಯುವ ಪದ್ಧತಿಯಿತ್ತು. ಈಗ ಅದು ಬೇಡ. ಹಳೆಯ ಸೆಲ್ಲುಗಳಲ್ಲಿ ಪಾದರಸವನ್ನೂ ಸೇರಿಸುತ್ತಿದ್ದರೆಂಬುದು ಅಂದು ಅನೇಕರಿಗೆ ತಿಳಿದಿರಲಿಲ್ಲ. ಬಚ್ಚಲ ಒಲೆಗೆ ಎಸೆಯುವುದಂತೂ ಅಪಾಯ, ಸೆಲ್ಲು ಸಿಡಿಯಬಹುದು. ತೋಟದ ಬುಡಕ್ಕೆ ಎಸೆದರೆ ಅದರ ಲೋಹಗಳು ಸೇರುವುದು ನಾವು ನೀರು ಸೇದುವ ಬಾವಿಯ ಮಣ್ಣಿಗೇ. 2022ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿಯಮಗಳು ಸಣ್ಣ ಸೆಲ್ಲುಗಳಿಗೂ ಅನ್ವಯಿಸುತ್ತವೆ. ಸಂಗ್ರಹಿಸಿ ಮರುಬಳಕೆಗೆ ಒದಗಿಸುವ ಹೊಣೆ ತಯಾರಕರದು, ಮನೆಯ ಕಸದಿಂದ ಬೇರ್ಪಡಿಸಿ ಕೊಡುವ ಹೊಣೆ ನಮ್ಮದು. ಕಸದ ತೊಟ್ಟಿಯ ಚಿತ್ರಕ್ಕೆ ಅಡ್ಡಗೆರೆ ಎಳೆದ ಗುರುತು ಹೇಳುವುದೂ ಇದನ್ನೇ. ಒಂದು ಡಬ್ಬಿಯಲ್ಲಿ ಕೂಡಿಟ್ಟು, ಗುಂಡಿ ಸೆಲ್ಲುಗಳ ಎರಡೂ ಮುಖಕ್ಕೆ ಟೇಪು ಅಂಟಿಸಿ, ಮನೆಗೆ ಬರುವ ಹರಿತ ಕರ್ಮಸೇನೆಯ ಸಹೋದರಿಯರಲ್ಲಿ ಕೇಳಿ, ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಿಸುವ ದಿನ ಪ್ರತ್ಯೇಕವಾಗಿ ಕೊಡಬಹುದು.

ಒಟ್ಟಿನಲ್ಲಿ ಹೇಳುವುದಾದರೆ, ಗಡಿಯಾರಕ್ಕೆ ಮತ್ತು ರಿಮೋಟಿಗೆ ಕಾರ್ಬನ್, ಆಪತ್ಕಾಲದ ಟಾರ್ಚಿಗೆ ಮತ್ತು ರೋಗಿಯ ಯಂತ್ರಕ್ಕೆ ಆಲ್ಕಲೈನ್, ದಿನನಿತ್ಯ ಸೆಲ್ಲು ನುಂಗುವ ಆಟಿಕೆಗೆ ಚಾರ್ಜ್ ಸೆಲ್ಲು. ಈ ರಜೆಯಲ್ಲಿ ಮಕ್ಕಳಿಗೆ ಒಂದು ಕೆಲಸ ಕೊಡಿ. ಮನೆಯಲ್ಲಿ ಎಷ್ಟು ಸೆಲ್ಲುಗಳಿವೆ, ಯಾವ ಅಕ್ಷರದವು, ಯಾವ ದಿನ ಹಾಕಿದುದು ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಗಡಿಯಾರದ ಹಿಂದೆ ಅಂಟಿಸಲಿ. ಮುಂದಿನ ಸಲ ಸೆಲ್ಲು ಕೊಳ್ಳಲು ಹೊರಟವರಿಗೆ ಯಾರನ್ನೂ ಕೇಳುವ ಅಗತ್ಯವೇ ಬೀಳದು.